ಸಂಸ್ಕೃತಿ-ವಿಮರ್ಶೆಯ ಕಪಾಟಿನ ಮುಂದೆ ನಿಂತವರಿಗೆ: ಯಾವ ಪುಸ್ತಕ ಮೊದಲು?

‘ಕತೆ, ಕಾದಂಬರಿ ಸಾಕಷ್ಟು ಓದಿದ್ದೇನೆ. ಇನ್ನು ನಮ್ಮ ನಾಡಿನ ಸಂಸ್ಕೃತಿ, ವಿಚಾರ ಇವುಗಳ ಮೇಲೆ ಗಟ್ಟಿಯಾದದ್ದು ಏನಾದರೂ ಓದಬೇಕು. ಎಲ್ಲಿಂದ ಶುರು ಮಾಡಲಿ?’

ಈ ಪ್ರಶ್ನೆಯನ್ನು ಈ ವರ್ಷ ಐದಾರು ಮಂದಿ ಕೇಳಿದರು. ಒಬ್ಬರು ಯುಪಿಎಸ್‌ಸಿ ಪರೀಕ್ಷೆಗೆ ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ತೆಗೆದುಕೊಂಡವರು. ಇನ್ನೊಬ್ಬರು ಹತ್ತು ವರ್ಷ ಬರೀ ಇಂಗ್ಲಿಷ್ ಓದಿ ಈಗ ಕನ್ನಡಕ್ಕೆ ಮರಳಿರುವ ಬೆಂಗಳೂರಿನ ಇಂಜಿನಿಯರ್. ಎಂ.ಎ. ಓದುತ್ತಿರುವ ಒಬ್ಬ ಹುಡುಗಿ ಇದ್ದಾಳೆ, ಎರಡು ತಿಂಗಳಿಗೆ ಒಂದು ಪುಸ್ತಕ ಕೊಂಡರೆ ಹೆಚ್ಚು. ಅಮೆರಿಕದಿಂದ ಡಿಸೆಂಬರ್‌ನಲ್ಲಿ ಊರಿಗೆ ಬಂದು ಹೋಗುವ ದಂಪತಿಗೆ ಸೂಟ್‌ಕೇಸಿನಲ್ಲಿ ನಾಲ್ಕೇ ಪುಸ್ತಕಕ್ಕೆ ಜಾಗ.

ಎಲ್ಲರ ಕೈಯಲ್ಲೂ ಹೆಚ್ಚುಕಡಿಮೆ ಒಂದೇ ಪಟ್ಟಿ. ಕೆ.ವಿ. ಸುಬ್ಬಣ್ಣ, ಶಂಬಾ ಜೋಶಿ, ಚಿದಾನಂದಮೂರ್ತಿ, ಕುರ್ತಕೋಟಿ, ಡಿ.ಆರ್. ನಾಗರಾಜ್, ರಹಮತ್ ತರೀಕೆರೆ. ಯಾರನ್ನೂ ಬಿಡುವಂತಿಲ್ಲ, ಎಲ್ಲರೂ ದೊಡ್ಡವರೇ. ಹಾಗಾಗಿ ಹೆಸರು ನೋಡಿ ಕೊಳ್ಳುತ್ತೇವೆ. ನಾನೂ ಹಾಗೆ ಕೊಂಡವನೇ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾಗರಾಜರ ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’ಯನ್ನು ಬಹಳ ಆಸೆಯಿಂದ ತಂದೆ. ನಲವತ್ತು ಪುಟ ಓದಿದೆ. ಒಂದೊಂದು ವಾಕ್ಯವೂ ಕನ್ನಡವೇ, ಆದರೆ ಒಟ್ಟಾಗಿ ಏನು ಹೇಳುತ್ತಿದ್ದಾರೆಂದು ಹಿಡಿತಕ್ಕೆ ಸಿಗಲಿಲ್ಲ. ಪುಸ್ತಕ ಆರು ವರ್ಷ ಕಪಾಟಿನಲ್ಲೇ ಕೂತಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಾಯಿತು: ಇಂಥ ಪುಸ್ತಕಗಳು ನನ್ನಂಥವರಿಗಲ್ಲ ಎಂದುಕೊಂಡು ಅಷ್ಟೂ ವರ್ಷ ಆ ಕಪಾಟಿನ ಕಡೆಗೇ ಹೋಗಲಿಲ್ಲ. ಪುಸ್ತಕದಲ್ಲಿ ದೋಷವಿರಲಿಲ್ಲ, ಸರದಿ ತಪ್ಪಿತ್ತು. ಈ ಬರಹ ಆ ಸರದಿಯ ಬಗ್ಗೆ.

ಮೊದಲು ಅಳತೆಗೋಲು

ನಾನು ನೋಡುವ ಮೊದಲ ಸಂಗತಿ, ಓದುವವರ ತಲೆಯಲ್ಲಿ ಯಾವ ಪ್ರಶ್ನೆ ಇದೆ ಎನ್ನುವುದು. ‘ಸಂಸ್ಕೃತಿಯ ಬಗ್ಗೆ ಓದಬೇಕು’ ಎನ್ನುವುದು ಪ್ರಶ್ನೆಯಲ್ಲ. ‘ನಮ್ಮೂರ ದರ್ಗಾಕ್ಕೆ ನಮ್ಮಜ್ಜಿ ಯಾಕೆ ಸಕ್ಕರೆ ಓದಿಸುತ್ತಿದ್ದಳು’ ಎನ್ನುವುದು ಪ್ರಶ್ನೆ. ‘ಕನ್ನಡ ಎಂದರೆ ಒಂದು ರಾಜ್ಯವೋ, ಒಂದು ಭಾಷೆಯೋ, ಇನ್ನೇನೋ’ ಎನ್ನುವುದು ಪ್ರಶ್ನೆ. ‘ಹೊಲದ ಬದುವಿನಲ್ಲಿ ಬಿದ್ದಿರುವ ವೀರಗಲ್ಲು ಯಾರದು’ ಎನ್ನುವುದೂ ಪ್ರಶ್ನೆಯೇ. ಈ ಮೂರಕ್ಕೂ ಬೇರೆ ಬೇರೆ ಪುಸ್ತಕಗಳಿವೆ.

ಎರಡನೆಯದು, ಪುಸ್ತಕ ಕೇಳುವ ಮುಂಗಡ. ಕಾದಂಬರಿಗೆ ಮುಂಗಡ ಬೇಕಿಲ್ಲ, ಮೊದಲ ಪುಟದಿಂದಲೇ ಕತೆ ಶುರು. ವಿಮರ್ಶೆ ಹಾಗಲ್ಲ. ಅದು ಇನ್ನೊಂದು ಕೃತಿಯ ಬಗ್ಗೆ ಮಾತಾಡುತ್ತಿರುತ್ತದೆ, ಆ ಕೃತಿ ನಮಗೆ ಗೊತ್ತಿದೆ ಎಂದೇ ನಂಬಿರುತ್ತದೆ. ಮುನ್ನೂರು ರೂಪಾಯಿಯ ವಿಮರ್ಶೆಯ ಹಿಂದೆ ಐದು ಪುಸ್ತಕಗಳ ಓದು ಅಡಗಿರುತ್ತದೆ. ಇದು ಬೆನ್ನಪುಟದಲ್ಲಿ ಅಚ್ಚಾಗಿರುವುದಿಲ್ಲ. ಅಂಗಡಿಯಲ್ಲಿ ತಿಳಿಯುವ ದಾರಿ ಒಂದಿದೆ: ಮುನ್ನುಡಿ ಬಿಡಿ, ಪರಿವಿಡಿಯ ಮಧ್ಯದ ಒಂದು ಲೇಖನ ತೆಗೆದು ಎರಡು ಪುಟ ನಿಂತಲ್ಲೇ ಓದಿ. ಅಲ್ಲಿ ಬರುವ ಹೆಸರುಗಳಲ್ಲಿ ಅರ್ಧದಷ್ಟು ನಿಮಗೆ ಪರಿಚಯವಿದ್ದರೆ ಕೊಳ್ಳಿ. ಒಂದೂ ಗೊತ್ತಿಲ್ಲವಾದರೆ ಅದು ನಿಮ್ಮ ಎರಡನೆಯ ಪುಸ್ತಕ.

ಮೂರನೆಯದು, ಒಂದೇ ವಾದವನ್ನು ಉದ್ದಕ್ಕೂ ಕಟ್ಟಿದ ಪುಸ್ತಕವೋ, ಬಿಡಿ ಲೇಖನಗಳ ಸಂಗ್ರಹವೋ ಎನ್ನುವುದು. ಬಸ್ಸಿನಲ್ಲಿ, ಮೆಟ್ರೋದಲ್ಲಿ ಓದುವವರಿಗೆ ಬಿಡಿ ಲೇಖನ ಒಳ್ಳೆಯದು. ಆದರೆ ಒಂದು ದೊಡ್ಡ ಯೋಚನೆ ಮೆಲ್ಲಗೆ ಮೇಲೇಳುವುದನ್ನು ನೋಡುವ ಸುಖ ಸಂಗ್ರಹದಲ್ಲಿ ಸಿಗುವುದು ಕಡಿಮೆ.

ನಾಲ್ಕನೆಯದು, ಬರೆದ ಮೇಲೆ ಕಳೆದ ವರ್ಷಗಳಲ್ಲಿ ಏನು ಉಳಿದಿದೆ, ಏನು ಹಳತಾಗಿದೆ ಎನ್ನುವುದು. ಕೊನೆಗೆ ಹಣ, ಮತ್ತು ಪುಸ್ತಕ ಸಿಗುತ್ತದೋ ಇಲ್ಲವೋ ಎಂಬ ಮಾತು. ಅದನ್ನು ಕೊನೆಗೇ ಇಟ್ಟುಕೊಳ್ಳುತ್ತೇನೆ.

ಸುಬ್ಬಣ್ಣ: ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’

ಪ್ರಶ್ನೆ ಇನ್ನೂ ಸ್ಪಷ್ಟವಾಗದೆ, ಬರೀ ಹಸಿವು ಇದ್ದವರಿಗೆ ನಾನು ಕೈಗೆ ಕೊಡುವ ಪುಸ್ತಕ ಇದು. ಹೆಗ್ಗೋಡಿನಲ್ಲಿ ಕೂತು ನೀನಾಸಂ ಕಟ್ಟಿದ, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಕೆ.ವಿ. ಸುಬ್ಬಣ್ಣನವರ ಬರವಣಿಗೆ. 2003ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಈ ಪುಸ್ತಕಕ್ಕೇ. ದಪ್ಪ ಪುಸ್ತಕವಲ್ಲ. ಪ್ರಾಧ್ಯಾಪಕರ ಗದ್ಯವೂ ಅಲ್ಲ, ಊರೂರು ನಾಟಕ ತಿರುಗಿಸಿದವರ, ಎದುರಿಗೆ ಕೂತವರಿಗೆ ಅರ್ಥವಾಗಲೇಬೇಕೆಂದು ಮಾತಾಡುವವರ ಗದ್ಯ.

‘ಕವಿರಾಜಮಾರ್ಗ’ ನಮಗೆ ದಕ್ಕಿರುವ ಕನ್ನಡ ಗ್ರಂಥಗಳಲ್ಲೇ ಹಳೆಯದು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ್ದು. ‘ಕಾವೇರಿಯಿಂದಮಾ ಗೋದಾವರಿವರಮಿರ್ದ ನಾಡದಾ ಕನ್ನಡದೊಳ್’ ಎನ್ನುವ ಪದ್ಯವನ್ನು ರಾಜ್ಯೋತ್ಸವದ ಭಾಷಣಗಳಲ್ಲಿ ಎಲ್ಲರೂ ಕೇಳಿದ್ದೇವೆ. ಆ ಭಾಷಣಗಳು ಸಾಮಾನ್ಯವಾಗಿ ಮೊದಲ ಸಾಲಿಗೆ ನಿಲ್ಲುತ್ತವೆ, ಗಡಿ ಎಷ್ಟು ದೊಡ್ಡದಿತ್ತು ಎಂಬ ಹೆಮ್ಮೆಗೆ. ಸುಬ್ಬಣ್ಣ ಎರಡನೆಯ ಸಾಲಿನ ಎದುರು ನಿಲ್ಲುತ್ತಾರೆ: ‘ವಸುಧಾವಳಯ ವಿಲೀನ ವಿಶದ ವಿಷಯ ವಿಶೇಷಂ’. ಭೂಮಂಡಲದಲ್ಲಿ ಕರಗಿಯೂ ಎದ್ದು ಕಾಣುವ ಒಂದು ನಾಡು. ಕರಗುವುದು ಮತ್ತು ಬೇರೆಯಾಗಿ ತೋರುವುದು ಎರಡೂ ಒಟ್ಟಿಗೆ ಹೇಗೆ ಸಾಧ್ಯ? ಪುಸ್ತಕ ಬೆಳೆಯುವುದು ಈ ಪ್ರಶ್ನೆಯ ಸುತ್ತ.

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಜಗಲಿಯಲ್ಲಿ ಆರು ಜನ ಸೇರಿ ಓದುವ ರೂಢಿ ಇದೆ. ಈ ಪದ್ಯ ಓದಿದ ದಿನ ಸರ್ವೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ಸುಮ್ಮನೆ ಕೂರಲಿಲ್ಲ. ಮೂಲೆಯಲ್ಲಿದ್ದ ಒಂದು ಲಗ್ನಪತ್ರಿಕೆಯ ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಕೆಳಗೊಂದು ಕಾವೇರಿ, ಮೇಲೊಂದು ಗೋದಾವರಿ ಎಳೆದರು. ಮುಂದಿನ ಪದ್ಯ ‘ಕನ್ನಡದ ತಿರುಳ್’ ಎಂದು ಹೇಳುವ ನಾಲ್ಕು ಊರುಗಳಿಗೆ ಚುಕ್ಕಿ ಇಟ್ಟರು. ಕಿಸುವೊಳಲು ಅಂದರೆ ಪಟ್ಟದಕಲ್ಲು, ಕೊಪಣ ಅಂದರೆ ಕೊಪ್ಪಳ, ಪುಲಿಗೆರೆ ಅಂದರೆ ಲಕ್ಷ್ಮೇಶ್ವರ, ಮತ್ತೆ ಬೆಳಗಾವಿ ಜಿಲ್ಲೆಯ ಒಕ್ಕುಂದ. ಚುಕ್ಕಿಗಳನ್ನು ಸೇರಿಸಿ, ‘ಅಲ್ಲ ಮಾರಾಯ್ರೆ, ತಿರುಳು ಇಷ್ಟು ಸಣ್ಣದು, ನಾಡು ಅಷ್ಟು ದೊಡ್ಡದು. ನಮ್ಮ ಶಿವಮೊಗ್ಗ ತಿರುಳಿನ ಹೊರಗೇ ಉಳೀತಲ್ಲ’ ಎಂದರು. ಅಲ್ಲಿಂದ ಒಂದು ಗಂಟೆ ಮಾತು ನಿಲ್ಲಲಿಲ್ಲ. ಒಂದೇ ಸರಿಯಾದ ಕನ್ನಡ ಎನ್ನುವುದು ಇದೆಯೇ? ಅದೇ ಗ್ರಂಥ ಇನ್ನೊಂದು ಕಡೆ ‘ಕನ್ನಡಂಗಳ್’ ಎಂದು ಬಹುವಚನದಲ್ಲೇ ಹೇಳುತ್ತದೆ. ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷ ಲೆಕ್ಕ ಹಾಕಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬಂದೀತು ಎನ್ನುತ್ತದೆ. ಮೊದಲ ಪುಸ್ತಕ ಇಂಥದ್ದಿರಬೇಕು, ಓದಿದವರು ಪೆನ್ಸಿಲು ಹುಡುಕುವಂತಿರಬೇಕು.

ಮುಂಗಡ ಬಹಳ ಕಡಿಮೆ. ಕವಿರಾಜಮಾರ್ಗವನ್ನು ಮೊದಲೇ ಓದಿರಬೇಕಿಲ್ಲ. ಆದರೆ ಮಾಹಿತಿಗಾಗಿ ಬಂದವರಿಗೆ ಇದು ತೆಳು ಅನ್ನಿಸುತ್ತದೆ. ಇಸವಿ, ಪಟ್ಟಿ, ಅಡಿಟಿಪ್ಪಣಿ ಬೇಕಾದವರ ದಾರಿ ಬೇರೆ. ಪರೀಕ್ಷೆಗೆ ಓದುವವರಿಗೆ ಇದೊಂದೇ ಸಾಲದು.

ಚಿದಾನಂದಮೂರ್ತಿ: ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’

ಆ ಬೇರೆ ದಾರಿ ಇದು. 1966ರಲ್ಲಿ ಬಂದ ಸಂಶೋಧನ ಪ್ರಬಂಧ. ಕ್ರಿ.ಶ. 450ರಿಂದ 1150ರವರೆಗಿನ, ಅಂದರೆ ಹಲ್ಮಿಡಿಯಿಂದ ವಚನಕಾರರ ಹೊಸ್ತಿಲವರೆಗಿನ ಕನ್ನಡ ಶಾಸನಗಳನ್ನು ಇಟ್ಟುಕೊಂಡು ಜನ ಹೇಗೆ ಬದುಕಿದರು ಎಂದು ಕೇಳುತ್ತದೆ. ದೇವಾಲಯ, ಅಗ್ರಹಾರ, ವಿದ್ಯಾಭ್ಯಾಸ, ವೀರಗಲ್ಲು, ಮಾಸ್ತಿಕಲ್ಲು, ದಾನದತ್ತಿ ಹೀಗೆ ಅದು ಹರಡಿಕೊಳ್ಳುತ್ತದೆ.

ಶಾಸನವೆಂದರೆ ರಾಜರ ಬಿರುದಾವಳಿ ಎಂದುಕೊಂಡವರು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ನೆನೆಯಬೇಕು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹತ್ತನೆಯ ಶತಮಾನದ ಮಧ್ಯದಲ್ಲಿ ತಕ್ಕೋಲದ ಯುದ್ಧ ಗೆದ್ದ ಮೇಲೆ ಗಂಗರ ಬೂತುಗ ತನ್ನ ಸೇವಕ ಮಣಲೇರನಿಗೆ ‘ಏನು ಬೇಕು ಕೇಳು’ ಎಂದಾಗ, ಆತ ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ಒಂದು ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ಪೂಜೆಗೆಂದು ಭೂಮಿ ಬಿಟ್ಟರು, ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ಆ ನಾಯಿಯ ಪಾಪ ತಗಲುತ್ತದೆಂದು ಬರೆಸಿದರು. ಒಂದು ಕಲ್ಲಿನಲ್ಲಿ ಸಾಮ್ರಾಜ್ಯಗಳ ಯುದ್ಧ, ಒಡೆಯ-ಸೇವಕರ ನಂಟು, ಪ್ರಾಣಿಯ ಮೇಲಿನ ಅಕ್ಕರೆ, ಜಮೀನಿನ ವ್ಯವಸ್ಥೆ ಎಲ್ಲವೂ ಇವೆ. ಇಂಥ ಕಲ್ಲುಗಳನ್ನು ಓದುವ ಕಣ್ಣನ್ನು ಚಿದಾನಂದಮೂರ್ತಿಯವರ ಪುಸ್ತಕ ಕೊಡುತ್ತದೆ.

ಆದರೆ ಇದು ಉದ್ದಕ್ಕೂ ಓದಿ ಮುಗಿಸುವ ಪುಸ್ತಕವಲ್ಲ. ಆಕರಗಳ ರಾಶಿ ದೊಡ್ಡದು, ಗದ್ಯ ಸಂಶೋಧಕನ ಗದ್ಯ, ಹಳಗನ್ನಡದ ಉದ್ಧರಣೆಗಳ ಮುಂದೆ ಮೆಲ್ಲಗೆ ಹೋಗಬೇಕು. ನಿಮ್ಮೂರಿನ ಕಲ್ಲು, ಗುಡಿ, ಕೆರೆ ನೋಡಿ ಬಂದು ಸಂಬಂಧಪಟ್ಟ ಅಧ್ಯಾಯ ತೆಗೆಯಿರಿ. ಆಗ ಅದು ಮಾತಾಡುತ್ತದೆ. 1966ರ ನಂತರ ಸಿಕ್ಕ ಶಾಸನಗಳು ಇದರಲ್ಲಿ ಇರುವಂತಿಲ್ಲ ಎನ್ನುವುದನ್ನು ಮರೆಯಬಾರದು. ತಾಳಗುಂದದ ಸಿಂಹಕಟಾಂಜನ ಶಾಸನ ಹಲ್ಮಿಡಿಗಿಂತ ಹಳೆಯದು, ಕ್ರಿ.ಶ. 370ರದ್ದು ಎಂಬ ವಾದ ಈಚಿನದು. ವಿವರಗಳು ಬದಲಾಗಬಹುದು, ಕಲ್ಲಿನಿಂದ ಬದುಕನ್ನು ತೆಗೆಯುವ ಕ್ರಮ ಹಾಗೇ ಉಳಿದಿದೆ. ಮನೆಯಲ್ಲಿ ಇಟ್ಟುಕೊಂಡು ಇಪ್ಪತ್ತು ವರ್ಷ ಬಳಸುವವರು ಕೊಳ್ಳಲಿ. ಒಂದು ಸಲ ಓದಿ ಮುಗಿಸುವವರು ಗ್ರಂಥಾಲಯದಿಂದ ತರಲಿ.

ಶಂಬಾ ಜೋಶಿ: ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’

ಧಾರವಾಡದಲ್ಲಿ ಶಾಲಾ ಮಾಸ್ತರರಾಗಿದ್ದು, ವಿಶ್ವವಿದ್ಯಾಲಯದ ಆಸರೆಯಿಲ್ಲದೆ ಇಷ್ಟು ಕೆಲಸ ಮಾಡಿದವರು ಶಂಬಾ (1896–1991). ಈ ಪುಸ್ತಕಕ್ಕೆ 1970ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಶಾಸನವೂ ಇಲ್ಲದ ಕಾಲಕ್ಕೆ ಹೇಗೆ ಹೋಗುವುದು? ಶಂಬಾ ಹೋಗುವುದು ಶಬ್ದಗಳ ಬೆನ್ನು ಹತ್ತಿ. ಊರಿನ ಹೆಸರು, ಕುಲದ ಹೆಸರು, ದೇವರ ಹೆಸರು, ಆಚರಣೆ ಇವುಗಳಲ್ಲಿ ಹುದುಗಿದ ಹಳೆಯ ನೆನಪನ್ನು ಕೆದಕುತ್ತಾರೆ. ಅವರ ಇನ್ನೊಂದು ಪುಸ್ತಕದ ಹೆಸರೇ ‘ಎಡೆಗಳು ಹೇಳುವ ಕಂನಾಡ ಕಥೆ’, ಎಡೆ ಅಂದರೆ ಜಾಗ. ಅವರು ‘ಕನ್ನಡ’ ಎಂದು ಬರೆಯದೆ ‘ಕಂನುಡಿ’, ‘ಕಂನಾಡು’ ಎಂದು ಬರೆಯುವುದೂ ಈ ಹುಡುಕಾಟದ ಭಾಗವೇ.

ಓದುತ್ತಿದ್ದಾಗ ಊರಿನ ಬೋರ್ಡುಗಳೆಲ್ಲ ಬೇರೆಯಾಗಿ ಕಾಣಲು ಶುರುವಾಗುತ್ತವೆ. ಹಟ್ಟಿ, ಹಾಳ, ಕುಪ್ಪೆ, ಕಟ್ಟೆ ಎಂದು ಮುಗಿಯುವ ಊರುಗಳನ್ನು ದಾಟುವಾಗ ಇಲ್ಲಿ ಮೊದಲು ದನ ಕಟ್ಟಿದವರು ಯಾರಿರಬಹುದು ಎಂದು ಮನಸ್ಸು ಕೇಳುತ್ತದೆ. ಮರಾಠಿ ಮತ್ತು ಕನ್ನಡ ನಾಡುಗಳ ಹಳೆಯ ನಂಟಿನ ಬಗ್ಗೆ ಅವರು ಮರಾಠಿಯಲ್ಲೂ ಬರೆದರು. ಗಡಿಯ ಎರಡೂ ಬದಿಯವರಿಗೆ ಅದು ಇವತ್ತಿಗೂ ಬೇಕಾದ ಓದು.

ಇಲ್ಲಿ ಎಚ್ಚರವಿರಲಿ. ಶಂಬಾ ಅವರ ಶಬ್ದನಿಷ್ಪತ್ತಿಗಳನ್ನು ಭಾಷಾವಿಜ್ಞಾನಿಗಳೆಲ್ಲ ಒಪ್ಪುವುದಿಲ್ಲ. ಎರಡು ಶಬ್ದಗಳ ಸದ್ದು ಹೋಲುತ್ತದೆಂದು ದೊಡ್ಡ ಚಾರಿತ್ರಿಕ ತೀರ್ಮಾನಕ್ಕೆ ಹೋಗುವುದು ಅಪಾಯದ ದಾರಿ. ಹಾಗಾಗಿ ಇದನ್ನು ಮೊದಲ ಪುಸ್ತಕವಾಗಿ ನಾನು ಕೊಡುವುದಿಲ್ಲ. ಚಿದಾನಂದಮೂರ್ತಿಯವರ ಆಧಾರಬದ್ಧ ಬರಹದ ಪರಿಚಯವಾದ ಮೇಲೆ ಶಂಬಾ ಓದಿದರೆ, ಎಲ್ಲಿ ಆಧಾರ ಮುಗಿದು ಊಹೆ ಶುರುವಾಯಿತು ಎಂದು ನಿಮಗೇ ತಿಳಿಯುತ್ತದೆ. ಆ ಊಹೆಗಳಲ್ಲೇ ಅವರ ದೊಡ್ಡತನವೂ ಇದೆ. ತಪ್ಪಾದರೂ ಆಗಲಿ, ಯಾರೂ ಕೇಳದ ಪ್ರಶ್ನೆ ಕೇಳುವ ಧೈರ್ಯ ಅದು. ಗದ್ಯ ಬಿಗಿ, ಒಮ್ಮೊಮ್ಮೆ ಕಷ್ಟ. ತಿಂಗಳಿಗೆ ಒಂದು ಅಧ್ಯಾಯ ಸಾಕು.

ರಹಮತ್ ತರೀಕೆರೆ: ‘ಕರ್ನಾಟಕದ ಸೂಫಿಗಳು’

ಇಂಜಿನಿಯರ್ ಗೆಳೆಯರಿಗೆ ನಾನು ಹೇಳಿದ್ದು ಈ ಪುಸ್ತಕ. ಕನ್ನಡದಲ್ಲಿ ಓದುವ ಅಭ್ಯಾಸ ತಪ್ಪಿದವರಿಗೆ ಇದಕ್ಕಿಂತ ಹಿತವಾದ ಗದ್ಯ ಈ ಕಪಾಟಿನಲ್ಲಿ ಸಿಗುವುದು ಕಷ್ಟ. ಸಣ್ಣ ವಾಕ್ಯ, ಕಣ್ಣಿಗೆ ಕಟ್ಟುವ ವಿವರ, ಜನರ ಮಾತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿದ್ದು ರಹಮತ್ ತಿರುಗಾಡಿ ಬರೆದರು. ದರ್ಗಾ, ಉರುಸು, ತತ್ವಪದ ಹಾಡುವವರು, ಕಲಬುರಗಿಯ ಬಂದೇ ನವಾಜರಿಂದ ಹಿಡಿದು ಹಳ್ಳಿಯ ಹೆಸರಿಲ್ಲದ ಗೋರಿಯವರೆಗಿನ ಲೋಕ ಅದು.

ಈ ಪುಸ್ತಕದ ಬೆಲೆ ತಿಳಿಯುವುದು ಇತಿಹಾಸದ ಪಠ್ಯಪುಸ್ತಕದ ಪಕ್ಕದಲ್ಲಿಟ್ಟಾಗ. ಅಲ್ಲಿ ಬಹಮನಿಯೂ ವಿಜಯನಗರವೂ ಕಾದಾಡುತ್ತಲೇ ಇರುತ್ತವೆ. ಇಲ್ಲಿ ಅದೇ ಮಣ್ಣಿನಲ್ಲಿ ಶಿಶುನಾಳ ಶರೀಫರು ಗೋವಿಂದಭಟ್ಟರ ಕಾಲಿಗೆ ಬೀಳುತ್ತಾರೆ. ತಿಂಥಣಿಯ ಮೌನೇಶ್ವರನ ಜಾತ್ರೆಗೆ ಎರಡೂ ಕಡೆಯವರು ಬರುತ್ತಾರೆ. ನಮ್ಮಜ್ಜಿಯ ಸಕ್ಕರೆಗೆ ಉತ್ತರ ಸಿಕ್ಕಿದ್ದು ನನಗೆ ಈ ಪುಟಗಳಲ್ಲಿ. ಅದು ಅವಳೊಬ್ಬಳ ವಿಚಿತ್ರ ನಂಬಿಕೆಯಲ್ಲ, ಶತಮಾನಗಳ ಒಂದು ಬದುಕಿನ ಕ್ರಮ ಎಂದು ತಿಳಿದಾಗ ಆಕೆ ಬದುಕಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮುಂಗಡ ಏನೂ ಬೇಡ. ಎಲ್ಲಿಂದ ಬೇಕಾದರೂ ತೆರೆಯಬಹುದು. ಆದರೆ ಹರವು ದೊಡ್ಡದಾದ್ದರಿಂದ ಒಂದೊಂದೇ ಪಂಥವನ್ನು ಆಳಕ್ಕೆ ಇಳಿದು ನೋಡಬೇಕೆನ್ನುವವರಿಗೆ ಸ್ವಲ್ಪ ಅತೃಪ್ತಿ ಉಳಿಯುತ್ತದೆ. ಅಂಥವರು ಅವರದೇ ‘ಕರ್ನಾಟಕದ ನಾಥಪಂಥ’ಕ್ಕೆ ಮುಂದುವರಿಯಬಹುದು. ಅವರ ವಿಮರ್ಶೆ ಬೇಕಾದವರಿಗೆ ‘ಕತ್ತಿಯಂಚಿನ ದಾರಿ’ ಇದೆ, 2010ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದದ್ದು. ‘ಕರ್ನಾಟಕದ ಸೂಫಿಗಳು’ ಬಂದದ್ದು 1998ರಲ್ಲಿ. ಅದರಲ್ಲಿನ ಕೆಲವು ಸ್ಥಳಗಳ ಸುತ್ತ ಆಮೇಲೆ ವಿವಾದ ಬೆಳೆದಿದೆ. ಆ ದೃಷ್ಟಿಯಿಂದ ಅದೊಂದು ಕಾಲದ ದಾಖಲೆಯೂ ಹೌದು.

ಕುರ್ತಕೋಟಿ, ಮತ್ತು ಪರೀಕ್ಷೆಯ ಓದು

ಆಧುನಿಕ ಕನ್ನಡ ಸಾಹಿತ್ಯ ಹೇಗೆ ಬೆಳೆಯಿತು ಎನ್ನುವವರಿಗೆ ಕೀರ್ತಿನಾಥ ಕುರ್ತಕೋಟಿಯವರ ‘ಯುಗಧರ್ಮ ಹಾಗೂ ಸಾಹಿತ್ಯ ದರ್ಶನ’ (1962) ಇಂದಿಗೂ ಗಟ್ಟಿ ಅಡಿಪಾಯ. ಧಾರವಾಡದ ಮನೋಹರ ಗ್ರಂಥಮಾಲೆಯ ‘ನಡೆದು ಬಂದ ದಾರಿ’ ಯೋಜನೆಯ ಜೊತೆ ಬೆಳೆದ ಬರಹ. ಕೃತಿಗಳನ್ನು ಪಟ್ಟಿ ಮಾಡಿ ಬಿಡದೆ, ಒಂದು ಕಾಲದ ಮನಸ್ಸು ಒಂದು ಪ್ರಕಾರವನ್ನು ಹೇಗೆ ರೂಪಿಸುತ್ತದೆ ಎಂದು ತೋರಿಸುತ್ತದೆ. ಐಚ್ಛಿಕ ಕನ್ನಡದವರಿಗೆ ಗೈಡುಗಳು ಎಂದೂ ಕೊಡಲಾರದ ದೃಷ್ಟಿ ಇದು.

ಇದರ ಮಿತಿಯೂ ಇಸವಿಯಲ್ಲೇ ಇದೆ. ದಲಿತ-ಬಂಡಾಯ ಸಾಹಿತ್ಯ ಎಪ್ಪತ್ತರ ದಶಕದ್ದು, ಮಹಿಳಾ ಬರವಣಿಗೆ ವಿಮರ್ಶೆಯ ಕೇಂದ್ರಕ್ಕೆ ಬಂದದ್ದೂ ಆಮೇಲೆ. ಆ ಅರ್ಧ ಇಲ್ಲಿಲ್ಲ. ಜೊತೆಗೆ ಎಂ.ಎಸ್. ಆಶಾದೇವಿಯವರ ‘ಸ್ತ್ರೀಮತವನುತ್ತರಿಸಲಾಗದೇ’ ಓದಿಕೊಳ್ಳಲೇಬೇಕು. ನಾನು ಮೇಲೆ ಕೊಟ್ಟ ಪಟ್ಟಿಯನ್ನೇ ನೋಡಿ, ಆರೂ ಗಂಡಸರು. ಕೇಳಿದವರು ತಂದ ಪಟ್ಟಿ ಹಾಗಿತ್ತು, ನಮ್ಮ ತರಗತಿಗಳು ಹೇಳಿಕೊಟ್ಟದ್ದೂ ಹಾಗೇ. ಅದನ್ನು ಬದಲಿಸುವ ಕೆಲಸ ನಮ್ಮದು. ಪರಿಭಾಷೆಗಳು ತೊಡರಿದಾಗ ಪಕ್ಕಕ್ಕೆ ಒ.ಎಲ್. ನಾಗಭೂಷಣ ಸ್ವಾಮಿಯವರ ‘ವಿಮರ್ಶೆಯ ಪರಿಭಾಷೆ’ ಇರಲಿ. ರಸ, ಧ್ವನಿ, ಔಚಿತ್ಯಗಳಿಗೆ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಇರಲಿ. ಇವೆರಡೂ ಮನೆಯಲ್ಲಿರಬೇಕಾದ ಪುಸ್ತಕಗಳು. ಯಾರು ಏನೇ ಆರಿಸಿಕೊಂಡರೂ ಕೆಲಸಕ್ಕೆ ಬರುತ್ತವೆ.

ಡಿ.ಆರ್. ನಾಗರಾಜ್: ‘ಸಾಹಿತ್ಯ ಕಥನ’ವೋ, ‘ಅಲ್ಲಮ’ನೋ?

ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ದೊಡ್ಡಬಳ್ಳಾಪುರದ ನೇಕಾರ ಕುಟುಂಬದಲ್ಲಿ 1954ರಲ್ಲಿ ಹುಟ್ಟಿ, 1998ರಲ್ಲಿ, ಇನ್ನೂ ನಲವತ್ತನಾಲ್ಕರಲ್ಲೇ ತೀರಿಕೊಂಡ ನಾಗರಾಜ್ ಕನ್ನಡದಲ್ಲಿ ಯೋಚಿಸುವ ಬಗೆಯನ್ನೇ ಬದಲಿಸಿದವರು. ‘ಸಾಹಿತ್ಯ ಕಥನ’ಕ್ಕೆ 1999ರಲ್ಲಿ, ಅವರು ಹೋದ ಮೇಲೆ, ಅಕಾಡೆಮಿ ಪ್ರಶಸ್ತಿ ಬಂತು. ಅದೇ ವರ್ಷ ಹೆಗ್ಗೋಡಿನ ಅಕ್ಷರ ಪ್ರಕಾಶನದಿಂದ ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’ ಹೊರಬಂತು.

‘ಸಾಹಿತ್ಯ ಕಥನ’ ಬಿಡಿ ಪ್ರಬಂಧಗಳ ಸಂಗ್ರಹ. ಪಶ್ಚಿಮದ ಸಿದ್ಧಾಂತಗಳನ್ನೂ ಇಲ್ಲಿನ ಪರಂಪರೆಗಳನ್ನೂ ಎದುರುಬದುರು ಕೂರಿಸಿ ಮಾತಾಡಿಸುತ್ತಾರೆ. ಯಾರಿಗೂ ಸಲೀಸಾಗಿ ಗೆಲ್ಲಲು ಬಿಡುವುದಿಲ್ಲ. ಒಂದೊಂದು ಪ್ರಬಂಧವನ್ನೂ ಎರಡು ಸಲ ಓದಬೇಕು. ಮೊದಲ ಓದಿಗೆ ರೂಪಕಗಳು ಹಿಡಿಯುತ್ತವೆ, ಎರಡನೆಯದಕ್ಕೆ ವಾದ. ಒಂದು ಪ್ರಬಂಧ ಹಿಡಿಸದಿದ್ದರೆ ಮುಂದಿನದಕ್ಕೆ ಹೋಗಬಹುದು ಎನ್ನುವುದು ದೊಡ್ಡ ಅನುಕೂಲ. ನವ್ಯದ ಕೆಲವು ಕಾದಂಬರಿ, ಬೇಂದ್ರೆ-ಅಡಿಗರ ಒಂದಿಷ್ಟು ಕವಿತೆ ಗೊತ್ತಿದ್ದರೆ ಮುಂಗಡ ಮುಟ್ಟಿದಂತೆಯೇ.

‘ಅಲ್ಲಮ’ ಹಾಗಲ್ಲ. ಅದು ಒಂದೇ ದೊಡ್ಡ ವಾದ, ಮಧ್ಯೆ ಬಿಟ್ಟರೆ ತಪ್ಪಿಹೋಗುತ್ತದೆ. ಅಲ್ಲಮನನ್ನು ಬರೀ ವಚನಕಾರನಾಗಿ ನೋಡದೆ, ಕಾಶ್ಮೀರದ ಅಭಿನವಗುಪ್ತ, ನಾಥರ ಗೋರಕ್ಷ ಇವರ ನಡುವೆ ನಿಲ್ಲಿಸಿ, ಭಾರತದ ತಾತ್ವಿಕ ಜಗಳಗಳ ಒಳಗೆ ನೋಡುತ್ತದೆ. ಹರಿಹರನ ರಗಳೆ, ಚಾಮರಸನ ಪ್ರಭುಲಿಂಗಲೀಲೆ, ಶೂನ್ಯಸಂಪಾದನೆಗಳ ಪರಿಚಯ ಬೇಕು. ಇದು ಆ ಪುಸ್ತಕದ ಮುಂಗಡ, ಇಪ್ಪತ್ತೆರಡರ ನನ್ನ ಬಳಿ ಇಲ್ಲದ್ದು. ಆಮೇಲೆ ಗೆಳೆಯರ ಜೊತೆ ವಾರಕ್ಕೆ ಹತ್ತರಂತೆ ಅಲ್ಲಮನ ವಚನಗಳನ್ನು ಗಟ್ಟಿಯಾಗಿ ಓದಿದೆವು. ಬೆಡಗು, ಅಂದರೆ ಒಗಟಿನಂಥ ಮಾತು, ಬಿಡಿಸಲು ಹೋಗಲಿಲ್ಲ, ಕಿವಿಗೆ ಬೀಳಲಿ ಎಂದು ಓದಿದೆವು, ಅಷ್ಟೇ. ಒಂದು ಚಳಿಗಾಲ ಹಾಗೆ ಕಳೆದ ಮೇಲೆ ನಾಗರಾಜರ ಪುಸ್ತಕ ತೆಗೆದರೆ ಅದೇ ನಲವತ್ತು ಪುಟ ಒಂದೇ ಸಂಜೆಗೆ ಮುಗಿಯಿತು. ಅಂಚಿನಲ್ಲಿ ನಾನೇ ಆರು ವರ್ಷದ ಹಿಂದೆ ಹಾಕಿದ್ದ ಪ್ರಶ್ನಾರ್ಥಕ ಚಿಹ್ನೆಗಳು ಹಾಗೇ ಇದ್ದವು, ಹಲವಕ್ಕೆ ಉತ್ತರ ಈಗ ನನ್ನ ಹತ್ತಿರವೇ ಇತ್ತು.

ಗಾಂಧಿ-ಅಂಬೇಡ್ಕರ್ ಪ್ರಶ್ನೆ ಹಿಡಿದು ಬಂದವರಿಗೆ ಇವೆರಡೂ ಅಲ್ಲ. ನಾಗರಾಜ್ ಇಂಗ್ಲಿಷಿನಲ್ಲಿ 1993ರಲ್ಲಿ ಬರೆದ ‘ದಿ ಫ್ಲೇಮಿಂಗ್ ಫೀಟ್’ ಓದಬೇಕು. ಆತ್ಮಶುದ್ಧಿಯ ದಾರಿ ಮತ್ತು ಆತ್ಮಗೌರವದ ದಾರಿ ಒಂದನ್ನೊಂದು ಹೇಗೆ ತಿದ್ದಿದವು ಎಂಬ ಅದರ ಪ್ರಬಂಧವೊಂದಕ್ಕೇ ಪುಸ್ತಕ ಕೊಳ್ಳಬಹುದು.

ಹಣ ಮತ್ತು ಹುಡುಕಾಟ

ಸರ್ಕಾರಿ ಪ್ರಕಾಶನಗಳು, ಅಂದರೆ ವಿಶ್ವವಿದ್ಯಾಲಯಗಳ ಪ್ರಸಾರಾಂಗ, ಕನ್ನಡ ಪುಸ್ತಕ ಪ್ರಾಧಿಕಾರ, ಅಕಾಡೆಮಿ ಇವುಗಳ ಬೆಲೆ ಕಡಿಮೆ. ನವೆಂಬರ್‌ನಲ್ಲಿ ರಾಜ್ಯೋತ್ಸವದ ರಿಯಾಯಿತಿಯೂ ಇರುತ್ತದೆ. ತೊಂದರೆ ಏನೆಂದರೆ ಪ್ರತಿ ಮುಗಿದರೆ ಮರುಮುದ್ರಣಕ್ಕೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಅಲ್ಲಿನ ಪುಸ್ತಕ ಕಂಡಾಗ ‘ಆಮೇಲೆ ನೋಡೋಣ’ ಎನ್ನಬೇಡಿ. ಖಾಸಗಿ ಪ್ರಕಾಶನದ ಪುಸ್ತಕ ಸ್ವಲ್ಪ ದುಬಾರಿ, ಆದರೆ ಪ್ರಕಾಶಕರಿಗೇ ಫೋನ್ ಮಾಡಿದರೆ ಅಂಚೆಯಲ್ಲಿ ಕಳಿಸುತ್ತಾರೆ. ಧಾರವಾಡಕ್ಕೆ ಹೋದವರು ಮನೋಹರ ಗ್ರಂಥಮಾಲೆಯ ಅಟ್ಟವನ್ನು ಹತ್ತದೆ ಬರಬೇಡಿ.

ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಅಂತರ್ಜಾಲದ ಡಿಜಿಟಲ್ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಆದರೆ ನಮ್ಮಲ್ಲಿ ಲೇಖಕರು ತೀರಿಕೊಂಡ 60 ವರ್ಷಗಳವರೆಗೆ ಹಕ್ಕು ಇರುತ್ತದೆ. ಮೇಲೆ ಹೆಸರಿಸಿದ ಹೆಚ್ಚಿನವರು ಈ ಅವಧಿಯ ಒಳಗಿನವರೇ. ಮುದ್ರಣದಲ್ಲಿರುವುದನ್ನು ದುಡ್ಡು ಕೊಟ್ಟೇ ಓದೋಣ. ಆಗದಿದ್ದರೆ ಜಿಲ್ಲಾ ಕೇಂದ್ರ ಗ್ರಂಥಾಲಯವಿದೆ, ಕಾಲೇಜಿನ ಗ್ರಂಥಾಲಯವಿದೆ. ಅಲ್ಲಿ ಈ ಪುಸ್ತಕಗಳು ಧೂಳು ಹಿಡಿದು ಕೂತಿರುತ್ತವೆ, ಹತ್ತು ವರ್ಷದಲ್ಲಿ ಒಂದೇ ಮೊಹರು ಬಿದ್ದಿರುತ್ತದೆ. ತಂದು ಓದಿದರೆ ಮುಂದಿನ ಸಲ ಅವರು ಇನ್ನೊಂದನ್ನು ತರಿಸುತ್ತಾರೆ.

ನಾನು ಕೊಟ್ಟ ಉತ್ತರಗಳು

ಎಂ.ಎ. ಹುಡುಗಿಗೆ: ಸುಬ್ಬಣ್ಣನವರದನ್ನು ಕೊಂಡುಕೋ, ‘ಸಾಹಿತ್ಯ ಕಥನ’ ಗ್ರಂಥಾಲಯದಿಂದ ತಾ, ‘ವಿಮರ್ಶೆಯ ಪರಿಭಾಷೆ’ ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕರೆ ಬಿಡಬೇಡ. ಯುಪಿಎಸ್‌ಸಿಯವರಿಗೆ: ಕುರ್ತಕೋಟಿ ಮತ್ತು ತೀ.ನಂ.ಶ್ರೀ. ಮೊದಲು, ಚಿದಾನಂದಮೂರ್ತಿಯವರದರಲ್ಲಿ ಬೇಕಾದ ಅಧ್ಯಾಯಗಳು ಮಾತ್ರ, ಶಂಬಾ ಪರೀಕ್ಷೆ ಮುಗಿದ ಮೇಲೆ. ಇಂಜಿನಿಯರ್‌ಗೆ ಸೂಫಿಗಳು, ಅದು ಮುಗಿದರೆ ಸುಬ್ಬಣ್ಣ. ಊರಿಗೆ ಬಂದು ಹೋಗುವ ದಂಪತಿಗೆ ನಾಲ್ಕು: ಸುಬ್ಬಣ್ಣ, ರಹಮತ್, ‘ಸಾಹಿತ್ಯ ಕಥನ’, ಮತ್ತೆ ಅಲ್ಲಮನ ವಚನಗಳ ಒಂದು ಸಂಪುಟ. ನಾಲ್ಕನೆಯದು ವಿಮರ್ಶೆಯಲ್ಲ, ಗೊತ್ತು. ಮುಂದಿನ ಡಿಸೆಂಬರ್‌ನಲ್ಲಿ ಅವರು ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’ ಕೊಳ್ಳಲು ಬರುತ್ತಾರೆ, ಅದಕ್ಕೆ ಈಗಲೇ ಕೊಟ್ಟ ಮುಂಗಡ ಅದು.

ಸರ್ವೆ ಇಲಾಖೆಯ ಹಿರಿಯರು ನನ್ನನ್ನು ಕೇಳಲೇ ಇಲ್ಲ. ಆ ಲಗ್ನಪತ್ರಿಕೆ ಜೇಬಿಗಿಟ್ಟುಕೊಂಡು ಹೋದವರು, ಮುಂದಿನ ಭಾನುವಾರ ‘ಎಡೆಗಳು ಹೇಳುವ ಕಂನಾಡ ಕಥೆ’ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತ ಜಗಲಿ ಹತ್ತಿದರು.